ಕೊನೆಯದೊಂದು ಉಳಿದಿದ್ದರೆ ಅದನ್ನು ಹಾರಿಸಬೇಡಿ

ಹಳೇ ವಿಮಾನ ಹಾರುತ್ತಲೇ ಇರಬೇಕು, ಮ್ಯೂಸಿಯಂನಲ್ಲಿ ನಿಲ್ಲಿಸಿದರೆ ಅದು ಸತ್ತ ಹಾಗೇನೇ ಅಂತ ತುಂಬಾ ವರ್ಷ ನಂಬಿದ್ದೆ. ಈ ವಿಷಯಕ್ಕೆ ಗೆಳೆಯರ ಜೊತೆ ಜಗಳ ಆಡಿದ್ದೂ ಇದೆ.

2022ರ ನವೆಂಬರ್ 12ರಂದು ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಏರ್ ಶೋದ ವಿಡಿಯೊ ನೋಡಿದ ಮೇಲೆ ಆ ನಂಬಿಕೆ ಅಲುಗಾಡಿತು. ಎರಡನೇ ಮಹಾಯುದ್ಧದ ಕಾಲದ ಬಿ-17 ಬಾಂಬರ್ ತನ್ನ ಪಾಡಿಗೆ ಹೋಗುತ್ತಿದೆ. ತಿರುವು ತೆಗೆದುಕೊಂಡು ಬಂದ ಪಿ-63 ಕಿಂಗ್‌ಕೋಬ್ರಾ ಅನ್ನೋ ಫೈಟರ್ ವಿಮಾನ ಅದಕ್ಕೆ ಬಡಿಯುತ್ತದೆ. ಆರು ಜನ ತೀರಿಕೊಂಡರು. ಆ ವಿಡಿಯೊವನ್ನು ಎರಡನೇ ಸಲ ನೋಡಲು ನನ್ನಿಂದ ಆಗಲಿಲ್ಲ.

ಹಾಗಂತ ಎಲ್ಲವನ್ನೂ ನೆಲಕ್ಕೆ ಕಟ್ಟಿಹಾಕಿ ಅನ್ನುತ್ತಿಲ್ಲ. ಹಾರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಈ ಥರದ್ದು ಇನ್ನೆಷ್ಟು ಉಳಿದಿವೆ?

ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್ ತಗೊಳ್ಳಿ. 20 ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು. ಇವತ್ತಿಗೂ ಹತ್ತಾರು ಹಾರುತ್ತಿವೆ, ಮ್ಯೂಸಿಯಂಗಳಲ್ಲೂ ಬೇಕಾದಷ್ಟಿವೆ. ಅವು ಹಾರಲಿ. ಅದರ ಮರ್ಲಿನ್ ಇಂಜಿನ್ನಿನ ಸದ್ದು ಎದೆಯೊಳಗೆ ಅದುರುವುದನ್ನು ಯಾವ ಮ್ಯೂಸಿಯಂ ತಾನೇ ಕೊಡಲು ಸಾಧ್ಯ? ಆದರೆ ಹಾರಬೇಕು ಅಂದರೆ ಭಾಗಗಳನ್ನು ಬದಲಾಯಿಸಲೇಬೇಕು. ತುಕ್ಕು ತಿಂದ ತಗಡನ್ನು ನಂಬಿ ಯಾರೂ ಮೇಲೇರುವುದಿಲ್ಲ. ರಿವೆಟ್, ಮೈಯ ತಗಡು, ರೆಕ್ಕೆಯ ಭಾರ ಹೊರುವ ಸ್ಪಾರ್, ಒಂದೊಂದಾಗಿ ಹೊಸದಾಗುತ್ತಾ ಹೋಗುತ್ತವೆ. ಕೊನೆಗೆ ಆ ಕಾಲದ ಕೆಲಸಗಾರರ ಕೈ ತಾಗಿದ ಲೋಹ ಎಷ್ಟು ಉಳಿಯುತ್ತದೆ?

ಲಂಡನ್ನಿನ ಹೆಂಡನ್‌ನಲ್ಲಿರುವ ಮ್ಯೂಸಿಯಂನಲ್ಲಿ ಒಂದು ಬ್ರಿಟಿಷ್ ಹ್ಯಾಲಿಫ್ಯಾಕ್ಸ್ ಬಾಂಬರ್ ಇದೆ. 1942ರಲ್ಲಿ ಗುಂಡೇಟು ತಿಂದು ನಾರ್ವೆಯ ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದು, ಮುಳುಗಿ, 1973ರಲ್ಲಿ ಮೇಲೆ ಬಂದದ್ದು. ಅದಕ್ಕೆ ಬಣ್ಣ ಬಳಿದು ಹೊಸದರಂತೆ ಮಾಡಲಿಲ್ಲ. ನೀರಿನಿಂದ ಬಂದ ಹಾಗೇ ಇಟ್ಟಿದ್ದಾರೆ. ಹಾರುವ ಯಾವ ವಿಮಾನವೂ ಹೇಳಲಾಗದ ಮಾತನ್ನು ಅದು ಹೇಳುತ್ತದೆ ಅಂತ ನನಗನ್ನಿಸುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಆದದ್ದು 'ಬ್ಲ್ಯಾಕ್ 6' ಕಥೆ. ಯುದ್ಧದಲ್ಲಿ ಆಸ್ಟ್ರೇಲಿಯಾದ ಪಡೆ ಹಿಡಿದು, ಆಮೇಲೆ ಬ್ರಿಟಿಷರ ಕೈ ಸೇರಿದ ಜರ್ಮನಿಯ ಫೈಟರ್ ಬಿಎಫ್ 109. ಸುಮಾರು ಎರಡು ದಶಕ ದುಡಿದು ಅದನ್ನು ಮತ್ತೆ ಹಾರುವಂತೆ ಮಾಡಿದರು. 1997ರ ಕೊನೆಗೆ ಅದು ಮ್ಯೂಸಿಯಂ ಸೇರಬೇಕಿತ್ತು. ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ಇಳಿಯುವಾಗ ಮಗುಚಿ ಬಿತ್ತು. ಪೈಲಟ್ ಬದುಕಿದರು, ವಿಮಾನವನ್ನೂ ರಿಪೇರಿ ಮಾಡಿದರು. ಆದರೆ ಅದು ಮತ್ತೆ ಹಾರಲಿಲ್ಲ. ಇನ್ನು ಕೆಲವೇ ದಿನ ಸುಮ್ನೆ ನಿಂತಿದ್ದರೆ ಸಾಕಿತ್ತಲ್ವಾ?

ಮ್ಯೂಸಿಯಂ ಕೂಡ ಪೂರ್ತಿ ಸುರಕ್ಷಿತ ಅಲ್ಲ, ಗೊತ್ತು. 1978ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದ ವಿಮಾನ ಮ್ಯೂಸಿಯಂ ಸುಟ್ಟುಹೋದಾಗ ಒಂದೇ ರಾತ್ರಿಯಲ್ಲಿ ಹತ್ತಾರು ವಿಮಾನಗಳು ಬೂದಿಯಾದವು. ಅದಕ್ಕೆ ಉತ್ತರ ಒಳ್ಳೆಯ ಕಟ್ಟಡ, ಹಾರಾಟ ಅಲ್ಲ.

ದುಡ್ಡು ತಗೊಂಡು ಪ್ರಯಾಣಿಕರನ್ನು ಕೂರಿಸುವ ವಿಷಯದಲ್ಲಂತೂ ನನಗೆ ಎರಡನೇ ಮಾತಿಲ್ಲ, ಬೇಡ. 2018ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಯುಂಕರ್ಸ್ ಜೆಯು-52 ಅನ್ನೋ ಹಳೇ ಜರ್ಮನ್ ವಿಮಾನ ಬಿದ್ದು 20 ಜನ ಸತ್ತರು. 2019ರಲ್ಲಿ ಅಮೆರಿಕದ ಕನೆಟಿಕಟ್‌ನಲ್ಲಿ ಬಿ-17 ಬಿದ್ದು ಏಳು ಜನ, ಅವರಲ್ಲಿ ಐವರು ಪ್ರಯಾಣಿಕರು. ಪೈಲಟ್‌ಗೆ ಅಪಾಯ ಏನು ಅಂತ ಗೊತ್ತಿರುತ್ತದೆ. ಟಿಕೆಟ್ ತಗೊಂಡು ಖುಷಿಯಿಂದ ಹತ್ತಿದವರಿಗೆ ಅದು ಎಷ್ಟು ಗೊತ್ತಿರುತ್ತದೆ?

ಹಾಗಾದರೆ ಅಪರೂಪದ ವಿಮಾನ ಆಕಾಶದಲ್ಲಿ ಕಾಣುವುದೇ ಬೇಡವಾ? ಕಾಣಲಿ, ಹೊಸದಾಗಿ ಕಟ್ಟಿ ಹಾರಿಸೋಣ. ಮಾಸ್ಕಿಟೋ ಅಂತ ಬ್ರಿಟನ್ನಿನ ಯುದ್ಧವಿಮಾನ ಇತ್ತು. ಹಾರುವ ಸ್ಥಿತಿಯಲ್ಲಿ ಉಳಿದಿದ್ದ ಕೊನೆಯದು 1996ರಲ್ಲಿ ಬಿದ್ದು, ಅದರಲ್ಲಿದ್ದ ಇಬ್ಬರೂ ತೀರಿಕೊಂಡರು. ಆಮೇಲೆ 16 ವರ್ಷ ಒಂದೂ ಹಾರಲಿಲ್ಲ. ಅದರ ಮೈ ಮರದ್ದು. ನ್ಯೂಜಿಲೆಂಡ್‌ನಲ್ಲಿ ಹೊಸ ಅಚ್ಚು ಮಾಡಿ, ಅದರ ಮೇಲೆ ತೆಳು ಮರದ ಪದರಗಳನ್ನು ಅಂಟಿಸಿ ಮೈ ಕಟ್ಟಿದರು. 2012ರಲ್ಲಿ ಮಾಸ್ಕಿಟೋ ಮತ್ತೆ ಹಾರಿತು. ಕೈಕೆಲಸವೂ ಉಳಿಯಿತು, ಸದ್ದೂ ಉಳಿಯಿತು.

ಬ್ರಿಟನ್ನಿನ ಬಾಂಬರ್ ಲ್ಯಾಂಕಾಸ್ಟರ್ ವಿಷಯಕ್ಕೆ ಬಂದರೆ ಮಾತ್ರ ನನಗೂ ಕಷ್ಟ. ತಯಾರಾದದ್ದು 7,377. ಹಾರುವ ಸ್ಥಿತಿಯಲ್ಲಿರುವುದು ಎರಡು, ಒಂದು ಬ್ರಿಟನ್‌ನಲ್ಲಿ, ಇನ್ನೊಂದು ಕೆನಡಾದಲ್ಲಿ. ಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಪಡೆಯ 55 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರ ಮನೆಯವರಿಗೆ ಆ ನಾಲ್ಕು ಇಂಜಿನ್ನಿನ ಸದ್ದು ಬರೀ ಸದ್ದಲ್ಲ. 2015ರಲ್ಲಿ ಬ್ರಿಟನ್ನಿನದರ ಒಂದು ಇಂಜಿನ್ನಿಗೆ ಬೆಂಕಿ ಹತ್ತಿತ್ತು, ಹೇಗೋ ಕ್ಷೇಮವಾಗಿ ಇಳಿಯಿತು. ಆದರೂ ನನ್ನನ್ನು ಕೇಳಿದರೆ, ಎರಡೂ ಇನ್ನು ಇಳಿದು ನಿಲ್ಲಲಿ ಅಂತಲೇ ಹೇಳುತ್ತೇನೆ. ಹೇಳುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ನಿಜ.