ಮೀಟಿಂಗ್ ಇದ್ದದ್ದು ಲ್ಯಾಪ್‌ಟಾಪಿನಲ್ಲಿ, ಅಮ್ಮ ಇದ್ದದ್ದು ಕೆಂಗೇರಿಯಲ್ಲಿ

ಮೊನ್ನೆ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ದಾಟಿತ್ತು. ನಾನು ಬೆಳ್ಳಂದೂರಿನ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಪುಣೆಯವರ ಜೊತೆ ಮೀಟಿಂಗ್‌ನಲ್ಲಿದ್ದೆ. ಫೋನ್ ಸೈಲೆಂಟಲ್ಲಿತ್ತು. ಪಕ್ಕದ ಮನೆ ಆಂಟಿಯ ಹೆಸರು ಮೂರನೇ ಸಲ ಕಂಡಾಗ ಎದ್ದು ಹೊರಗೆ ಓಡಿದೆ. "ಅಮ್ಮ ತುಂಬಾ ಬೆವರ್ತಿದಾರೆ ಕಣಮ್ಮ, ಕೈ ನಡುಗ್ತಿದೆ, ಮಾತು ತೊದಲ್ತಿದೆ. ಷುಗರ್ ನೋಡಿದೆ, 48 ಬಂತು" ಅಂದರು.

70ಕ್ಕಿಂತ ಕೆಳಗೆ ಬಂದರೇ ಲೋ ಷುಗರ್. 48 ಅಂದರೆ ಇನ್ನು ಸ್ವಲ್ಪ ಇಳಿದಿದ್ದರೂ ಪ್ರಜ್ಞೆ ತಪ್ಪಿಬಿಡಬಹುದಿತ್ತು. ಗ್ಲೂಕೋಸ್ ಡಬ್ಬ ಫ್ರಿಜ್ ಮೇಲಿದೆ ಆಂಟಿ, ಮೂರು ಚಮಚ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ ಅಂದೆ. ಆ 15 ನಿಮಿಷ ಮೆಟ್ಟಿಲ ಹತ್ತಿರ ಗೋಡೆ ಹಿಡಿದುಕೊಂಡು ನಿಂತಿದ್ದೆ. ಆಮೇಲೆ 82 ಬಂತು.

ಅಮ್ಮನಿಗೆ 67 ವರ್ಷ. ಸಕ್ಕರೆ ಕಾಯಿಲೆ ಬಂದು 20 ವರ್ಷವಾಯಿತು. ಈ ವರ್ಷ ಕಿಡ್ನಿಗೂ ಪೆಟ್ಟು ಬಿದ್ದಿದೆ, ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ 2.1ಕ್ಕೆ ಏರಿದೆ. ಕಿಡ್ನಿ ಸೋತರೆ ಚುಚ್ಚಿಕೊಂಡ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದಂತೆ. ವರ್ಷಗಟ್ಟಲೆ ಸರಿಹೋಗುತ್ತಿದ್ದ ಡೋಸೇ ಈಗ ಹೆಚ್ಚಾಗುತ್ತದೆ. ಡಾಕ್ಟರು ಯೂನಿಟ್ ಇಳಿಸುತ್ತಾ ಬರುತ್ತಿದ್ದಾರೆ. ಅದು ಒಂದು ಹದಕ್ಕೆ ಬರುವವರೆಗೆ ಒಬ್ಬರನ್ನೇ ಬಿಡಬೇಡಿ ಅಂದಿದ್ದಾರೆ. ಅವತ್ತು ಅಮ್ಮ ಇನ್ಸುಲಿನ್ ತಗೊಂಡಿದ್ದಾಳೆ, ವಾಕರಿಕೆ ಬಂದಂತಾಗಿ ತಿಂಡಿ ತಿನ್ನದೆ ಮಲಗಿಬಿಟ್ಟಿದ್ದಾಳೆ. ನಾನು ಮಾಡಿಟ್ಟು ಬಂದ ಉಪ್ಪಿಟ್ಟು ಮುಚ್ಚಿಟ್ಟ ಹಾಗೇ ಇತ್ತು. ನಾನು ಮನೆಯಲ್ಲಿದ್ದಿದ್ದರೆ ನಾಲ್ಕು ತುತ್ತಾದರೂ ತಿನ್ನಿಸುತ್ತಿದ್ದೆ. ಅಷ್ಟೇ ಸಾಕಿತ್ತು.

ಮನೆಯಲ್ಲಿ ಯಾಕಿರಲಿಲ್ಲ? ವಾರಕ್ಕೆ ಮೂರು ದಿನ ಆಫೀಸಿನ ಗೇಟಿನಲ್ಲಿ ಕಾರ್ಡ್ ಸ್ವೈಪ್ ಆಗಲೇಬೇಕು. ನಮ್ಮ ಟೀಮಿನ ನಾಲ್ವರು ಪುಣೆಯಲ್ಲಿದ್ದಾರೆ, ಒಬ್ಬರು ಹೈದರಾಬಾದಿನಲ್ಲಿ. ಮ್ಯಾನೇಜರ್ ಇರುವುದು ಗುರುಗ್ರಾಮದಲ್ಲಿ. ನನ್ನ ಅಕ್ಕಪಕ್ಕ ಕೂರುವವರ ಕೆಲಸಕ್ಕೂ ನನ್ನ ಕೆಲಸಕ್ಕೂ ಸಂಬಂಧವೇ ಇಲ್ಲ. ಎರಡು ಗಂಟೆ ಪ್ರಯಾಣ ಮಾಡಿ ಹೋಗಿ ನಾನು ಅಲ್ಲಿ ಮಾಡುವುದು, ಮನೆಯಲ್ಲಿ ಮಾಡುವ ಅದೇ ವೀಡಿಯೋ ಕಾಲ್.

ಆ ಪ್ರಯಾಣ ಎಂಥದ್ದು ಗೊತ್ತಾ? ಏಳೂಕಾಲಿಗೆ ಮನೆ ಬಿಡುತ್ತೇನೆ. ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಮೆಟ್ರೋದ ನೇರಳೆ ಮಾರ್ಗ. ಅಲ್ಲಿ ನೂಕುನುಗ್ಗಲಿನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಓಡಬೇಕು. ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ. 2025ರ ಆಗಸ್ಟ್‌ನಲ್ಲಿ ಅದು ಶುರುವಾದ ಮೇಲೆ ಸಿಲ್ಕ್ ಬೋರ್ಡ್‌ವರೆಗಾದರೂ ರೈಲಿನಲ್ಲೇ ಹೋಗಬಹುದು, ಅದೊಂದು ಉಪಕಾರ. ಅಲ್ಲಿಂದಾಚೆ ಔಟರ್ ರಿಂಗ್ ರೋಡ್. ಅಗರ, ಇಬ್ಬಲೂರು, ಬೆಳ್ಳಂದೂರು. ಬರೀ ಆರೇಳು ಕಿಲೋಮೀಟರ್. ಬಸ್ಸಿನಲ್ಲಿ ನಿಂತುಕೊಂಡೇ ಮುಕ್ಕಾಲು ಗಂಟೆ. ನೀಲಿ ಮಾರ್ಗದ ಕಂಬಗಳನ್ನು ನೋಡುತ್ತಾ ನಿಂತಿರಬೇಕು.

ಮಂಗಳವಾರ ಆ ದಾರಿಯಲ್ಲೇ ವಾಪಸ್ ಬಂದೆ. ಆಟೋದವರು ಕೆಂಗೇರಿ ಅಂದ ತಕ್ಷಣ ತಲೆ ಅಲ್ಲಾಡಿಸಿದರು. ಮನೆ ಬಾಗಿಲು ತಟ್ಟಿದಾಗ ಎರಡು ಗಂಟೆ. ಒಂದು ವೇಳೆ ಆಂಟಿ ಅವತ್ತು ಮಾರ್ಕೆಟ್‌ಗೆ ಹೋಗಿದ್ದರೆ? ಇದನ್ನು ಯೋಚಿಸಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೊರಡುವ ಮುಂಚೆ ಮ್ಯಾನೇಜರ್‌ಗೆ ಫೋನ್ ಮಾಡಿದ್ದೆ. ಅಮ್ಮ ಹೇಗಿದ್ದಾರೆ ಅಂತ ಒಂದು ಮಾತು ಕೇಳಲಿಲ್ಲ. ಅರ್ಧ ದಿನ ರಜೆ ಹಾಕಿ, ಆದರೆ ಇವತ್ತಿನದು ಆಫೀಸ್ ದಿನ ಅಂತ ಲೆಕ್ಕಕ್ಕೆ ಬರುವುದಿಲ್ಲ, ಶುಕ್ರವಾರ ಬಂದು ತುಂಬಿಸಿ ಅಂದರು. ತುಂಬಿಸಬೇಕಂತೆ! ನಾನು ಬರೆದ ಕೋಡ್ ಬಗ್ಗೆ ಒಂದೇ ಒಂದು ದೂರಿಲ್ಲ. ಗೇಟಿನ ಲೆಕ್ಕ ಮಾತ್ರ ಬೇಕು.

ಮನೆಯಿಂದ ಈ ಕೆಲಸ ಆಗುವುದಿಲ್ಲ ಅನ್ನುವ ಹಾಗೂ ಇಲ್ಲ. 2020ರ ಮಾರ್ಚ್‌ನಿಂದ ಎರಡು ವರ್ಷ ಇದೇ ಕೆಲಸವನ್ನು ಊಟದ ಟೇಬಲ್ ಮೇಲೆ ಮಾಡಿದ್ದೇನೆ. 2022ರ ಸೆಪ್ಟೆಂಬರ್‌ನಲ್ಲಿ ಮಳೆಗೆ ಬೆಳ್ಳಂದೂರು ಕಡೆ ರಸ್ತೆಗಳು ಮುಳುಗಿದವು, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆಗ ಯಾರೂ ಬರಬೇಡಿ, ಮನೆಯಿಂದಲೇ ಮಾಡಿ ಅಂತ ಇದೇ ಕಂಪನಿ ಮೇಲ್ ಕಳಿಸಿತ್ತು. ರಸ್ತೆಗೆ ನೀರು ಬಂದರೆ ಮನೆಯಿಂದ ಕೆಲಸ ಆಗುತ್ತದೆ. ಮನೆಯಲ್ಲಿ ಅಮ್ಮ ಬಿದ್ದರೆ ಆಗುವುದಿಲ್ಲ. ಇದು ಯಾವ ನ್ಯಾಯ?

ನರ್ಸ್ ಇಟ್ಕೋ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ದಿನವಿಡೀ ಮನೆಗೆ ಬರುವವರಿಗೆ ತಿಂಗಳಿಗೆ ಎಷ್ಟು ಕೊಡಬೇಕು ಅಂತ ಅವರು ವಿಚಾರಿಸಿಲ್ಲ. ಮನೆ ಸಾಲದ ಕಂತು ಕಟ್ಟಿ, ಔಷಧಿ, ಟೆಸ್ಟು ಅಂತ ಕಳೆದ ಮೇಲೆ ನನ್ನ ಹತ್ತಿರ ಅಷ್ಟು ಉಳಿಯುವುದಿಲ್ಲ.

ಮನೆಯಿಂದ ಕೆಲಸ ಮಾಡುತ್ತೇನೆ ಅಂತ ನಾನು ಕೇಳಿದ್ದು ಮೂರೇ ತಿಂಗಳು. ಡಾಕ್ಟರ ಪತ್ರ ಲಗತ್ತಿಸಿ ಎಚ್‌ಆರ್‌ಗೆ ಮೇಲ್ ಹಾಕಿದೆ. ಎರಡು ಸಾಲಿನ ಉತ್ತರ ಬಂತು, ನಿಯಮ ಎಲ್ಲರಿಗೂ ಒಂದೇ ಅಂತ. ಕೆಳಗೆ ಯಾರ ಹೆಸರೂ ಇರಲಿಲ್ಲ.

ಶುಕ್ರವಾರ ಹೋಗಿ ತುಂಬಿಸಿ ಬಂದೆ. ಮಧ್ಯಾಹ್ನ ಫೋನ್ ಮಾಡಿ ಷುಗರ್ ಎಷ್ಟಿದೆ ಅಂತ ಅಮ್ಮನನ್ನು ಕೇಳಿದೆ. "110 ಇದೆ ಕಣೇ, ಊಟ ಆಯ್ತು, ನೀನು ಕೆಲಸ ನೋಡ್ಕೋ" ಅಂದಳು. ರಾತ್ರಿ ಅವಳು ಮಲಗಿದ ಮೇಲೆ ಮೀಟರ್ ತೆಗೆದು ಹಳೇ ರೀಡಿಂಗ್ ನೋಡಿದೆ. ಮಧ್ಯಾಹ್ನದ್ದು 61 ಇತ್ತು.