ತಕ್ಕಡಿ ಗೆದ್ದ ಪೈಲ್ವಾನ

ಕಾರವಾರದ ನಮ್ಮ ಕೇರಿಯಲ್ಲಿ ಒಬ್ಬ ಪೈಲ್ವಾನ ಹುಟ್ಟಿದ್ದಾನೆ. ಹುಟ್ಟಿದ್ದು ಕಳೆದ ವಾರ, ಕ್ರೀಡಾಕೂಟದ ತೂಕದ ಯಂತ್ರದ ಮೇಲೆ. ಅದಕ್ಕೂ ಮೊದಲು ಅವನು ಪಕ್ಕದ ಮನೆಯ ಹುಡುಗನಾಗಿದ್ದ. ಬಂಗಡೆ ಸಾರಿಗಾಗಿ ತಾಯಿಯೆದುರು ಹಿಡಿಯುವ ಪಟ್ಟೊಂದನ್ನು ಬಿಟ್ಟರೆ ಬೇರೆ ಪಟ್ಟು ಅವನಿಗೆ ಗೊತ್ತಿರಲಿಲ್ಲ.

ನಮ್ಮ ಜಿಲ್ಲೆಯ ಕುಸ್ತಿ ಇರುವುದು ಹಳಿಯಾಳದಲ್ಲಿ. ಕೂಟ ನಡೆಯುವುದು, ಜಿಲ್ಲಾ ಕೇಂದ್ರವೆಂಬ ಪುಣ್ಯಕ್ಕೆ, ಕಡಲ ದಂಡೆಯಲ್ಲಿ. ಆ ಹುಡುಗರು ಅಣಶಿ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ದೂರ ಬರಬೇಕು, ಅದೂ ಬರಿಹೊಟ್ಟೆಯಲ್ಲಿ. 57 ಕಿಲೋ ವಿಭಾಗದವನು ಮಳೆಕೋಟು ತೊಟ್ಟು ಮೈದಾನ ಸುತ್ತುತ್ತಿದ್ದ. ಇನ್ನೂರು ಗ್ರಾಂ ಇಳಿಯಬೇಕಿತ್ತಂತೆ. ನೀರು ಕುಡಿಯುವ ಮಾತಿರಲಿ, ಬಾಯಲ್ಲಿದ್ದ ಎಂಜಲನ್ನೂ ಉಗಿಯುತ್ತಿದ್ದ.

ಅದೇ ಹೊತ್ತಿಗೆ ನಮ್ಮ ಹುಡುಗ ಎರಡನೆಯ ಎಳನೀರು ಕುಡಿಯುತ್ತಿದ್ದ. ಅವನ ತೂಕ 96 ಕಿಲೋ 400 ಗ್ರಾಂ. ಅಷ್ಟಕ್ಕೇ ನಿಂತರೆ 97ರ ವಿಭಾಗ. ಅಲ್ಲಿ ಹಳಿಯಾಳದವರು ಇಬ್ಬರಿದ್ದರು, ಇಬ್ಬರದೂ ಕಿವಿ ಮುದುಡಿತ್ತು. (ಚಾಪೆಗೆ ಉಜ್ಜಿ ಉಜ್ಜಿ ಮುದುಡಿದ ಕಿವಿ ಅದು. ಅಂಥವರ ತಂಟೆಗೆ ಹೋಗಬಾರದು.) 97 ದಾಟಿದರೆ 125ರ ವಿಭಾಗ, ಅಲ್ಲಿ ನರಪಿಳ್ಳೆಯೂ ಇಲ್ಲ. ಅವನ ತಂದೆ ಅವಲಕ್ಕಿಯ ಡಬ್ಬಿ ಹಿಡಿದು ನಿಂತಿದ್ದರು. “ತೂಕ ಆಗುವ ತನಕ ಮೂತ್ರಕ್ಕೆ ಹೋಗಬೇಡ ಮಗನೇ” ಎಂದು ಕುಸ್ತಿ ಕಲಿಸುವ ವಸ್ತಾದರ ಗತ್ತಿನಲ್ಲಿ ಹೇಳಿದರು.

97 ಕಿಲೋ 150 ಗ್ರಾಂ! ಚಿನ್ನ ಅಲ್ಲಿಗೇ ಖಾತ್ರಿಯಾಯಿತು.

ಮುಂದಿನದೆಲ್ಲ ಶಾಸ್ತ್ರ. ಅತಿಥಿಗಳು ಬೂಟುಗಾಲಲ್ಲೇ ಚಾಪೆ ಹತ್ತಿ, ನಾಲ್ಕು ಬೆರಳು ದಪ್ಪದ ಸ್ಪಂಜಿನ ಮೇಲೆ ನಿಂತು, ಕುಸ್ತಿ ನಮ್ಮ ಮಣ್ಣಿನ ಕಲೆ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಕುಸ್ತಿಗಾದರೆ ಮೂರು ಮೂರು ನಿಮಿಷದ ಎರಡೇ ಸುತ್ತು. ನಡುವೆ 30 ಸೆಕೆಂಡ್ ಬಿಡುವು. 57ರ ಫೈನಲ್ 4–4ರಲ್ಲಿ ನಿಂತಿತು. ಕೊನೆಯ ಅಂಕ ಎದುರಾಳಿಯದಾದ್ದರಿಂದ ಮಳೆಕೋಟಿನ ಹುಡುಗ ಸೋತ. ಆಮೇಲೆ ಅವನು ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದದ್ದನ್ನು ನೋಡಿದೆ.

ನಮ್ಮವನು ಭುಜದ ಮೇಲೇರಲೊಲ್ಲದ ಕೆಂಪು ಉಡುಪಿನಲ್ಲಿ ನಡುವೆ ಬಂದು ನಿಂತ. ತೀರ್ಪುಗಾರರು ಅವನ ಕೈಯೆತ್ತಿದರು. ಅಷ್ಟಕ್ಕೇ ಅವನಿಗೆ ಏದುಸಿರು ಬಂತು.

ಈಗ ಸರ್ಕಲ್ಲಿನಲ್ಲಿ ಅವನ ಫ್ಲೆಕ್ಸ್ ಎದ್ದಿದೆ, ತೊಡೆ ತಟ್ಟುವ ಭಂಗಿಯಲ್ಲಿ. ಮುಂದಿನದು ಹಲವು ಜಿಲ್ಲೆಗಳು ಸೇರುವ ವಿಭಾಗ ಮಟ್ಟದ ಕೂಟ, ಬೆಳಗಾವಿಯವರ ಜೊತೆ. ನಿನ್ನೆ ರಾತ್ರಿ ಅವನ ತಂದೆ ಫೋನ್ ಮಾಡಿದ್ದರು: “ಮಾಸ್ತರರೇ, ನಿಮಗೆ ಆ ಕಡೆಯವರ ಪರಿಚಯ ಉಂಟಲ್ಲ. ಬೆಳಗಾವಿಯಲ್ಲಿ ಯಾವ ತೂಕ ಖಾಲಿ ಇದೆ ಎಂದು ಸ್ವಲ್ಪ ವಿಚಾರಿಸಿ. ಇಳಿಸಬೇಕೋ ಏರಿಸಬೇಕೋ, ಇವತ್ತಿನಿಂದಲೇ ಶುರು ಮಾಡುತ್ತೇವೆ.”