ಬೆವರಿಗೂ ಒಂದು ಡ್ರೆಸ್ಸು

ಜಿಮ್ ಸೇರಬೇಕು ಅಂತ ತೀರ್ಮಾನ ಮಾಡಿದ ದಿನ ನಾನು ಮೊದಲು ಮಾಡಿದ ಕೆಲಸ ಬಟ್ಟೆ ಅಂಗಡಿಗೆ ಹೋಗಿದ್ದು. ಮೈಗೆ ಅಂಟಿಕೊಳ್ಳುವ ಎರಡು ಟೀ ಶರ್ಟು, ಬೆವರು ಹೀರುತ್ತದೆ ಅಂತ ಬರೆದಿದ್ದ ಒಂದು ಚಡ್ಡಿ, ಕಿತ್ತಳೆ ಬಣ್ಣದ ಗೀಟಿರುವ ಶೂ, ಬೆರಳಿಲ್ಲದ ಕೈಗವಸು. ಮನೆಗೆ ಬಂದು ಎಲ್ಲವನ್ನೂ ತೊಟ್ಟು ಕನ್ನಡಿ ಮುಂದೆ ನಿಂತೆ. ಹೊಟ್ಟೆಯನ್ನು ಒಳಗೆ ಎಳೆದುಕೊಂಡೆ. ಅರ್ಧ ವ್ಯಾಯಾಮ ಅಲ್ಲೇ ಮುಗಿದ ಹಾಗಾಯಿತು. ಇನ್ನು ಜಿಮ್ಮಿಗೆ ಹೋಗುವುದೊಂದು ಬಾಕಿ. ಅದು ಮೂರು ವಾರ ಬಾಕಿಯೇ ಉಳಿಯಿತು, ಆ ಮಾತು ಬೇರೆ.

ತಮಾಷೆ ಏನು ಗೊತ್ತಾ? ಜಿಮ್ನೇಸಿಯಂ ಅನ್ನುವ ಪದ ಹುಟ್ಟಿದ್ದೇ ಬಟ್ಟೆ ಇಲ್ಲದ ಕಡೆಯಿಂದ. ಗ್ರೀಕ್ ಭಾಷೆಯಲ್ಲಿ 'ಜಿಮ್ನೋಸ್' ಅಂದರೆ ಬೆತ್ತಲೆ. ಅಲ್ಲಿನ ಗಂಡಸರು ಮೈಗೆ ಎಣ್ಣೆ ಬಳಿದುಕೊಂಡು, ಹುಟ್ಟಿದಾಗ ಹೇಗಿದ್ದರೋ ಹಾಗೇ ಕುಸ್ತಿ, ಓಟ ಎಲ್ಲ ಮಾಡುತ್ತಿದ್ದರು. ಮುಗಿದ ಮೇಲೆ ಬಾಗಿದ ಲೋಹದ ಪಟ್ಟಿಯಿಂದ ಮೈ ಮೇಲಿನ ಎಣ್ಣೆ, ಮಣ್ಣು, ಬೆವರನ್ನೆಲ್ಲ ಕೆರೆದು ತೆಗೆಯುತ್ತಿದ್ದರು. ಹಾಗೆ ಕೆರೆದು ಬಂದ ಗಸಿಯನ್ನು ಔಷಧಿ ಅಂತ ಮಾರುವುದೂ ಇತ್ತು! ಆಗ ಬೆವರಿಗೆ ಬೆಲೆ ಇತ್ತು. ಈಗ ಅದು ಕಾಣದ ಹಾಗೆ ಮಾಡುವ ಬಟ್ಟೆಗೆ ಬೆಲೆ.

ಜಿಮ್ಮಿನ ಇತಿಹಾಸವನ್ನು ಯಾವ ತೂಕ ಯಾರು ಎತ್ತಿದರು ಅಂತ ಬರೆಯುವವರು ಬರೆಯಲಿ. ನನಗಂತೂ ಅದು ಯಾರು ಏನು ತೊಟ್ಟರು, ಯಾರು ನೋಡಲಿ ಅಂತ ತೊಟ್ಟರು ಅನ್ನುವ ಕಥೆಯ ಹಾಗೇ ಕಾಣುತ್ತದೆ.

ಸ್ವೀಡನ್ನಿನ ಗುಸ್ತಾವ್ ಝಾಂಡರ್ ಅನ್ನುವ ಡಾಕ್ಟರನ್ನು ನೋಡಿ. 1860ರ ದಶಕದಲ್ಲಿ ಸ್ಟಾಕ್‌ಹೋಮಿನಲ್ಲಿ ಯಂತ್ರಗಳಿಂದ ವ್ಯಾಯಾಮ ಮಾಡಿಸುವ ಒಂದು ಸಂಸ್ಥೆ ತೆರೆದ. ಸನ್ನೆಕೋಲು, ಚಕ್ರ, ತೂಕ. ಈಗಿನ ಜಿಮ್ ಯಂತ್ರಗಳ ಅಜ್ಜಂದಿರೆಲ್ಲ ಅಲ್ಲಿದ್ದರು. ಆ ಕಾಲದ ಫೋಟೋಗಳಲ್ಲಿ ಗಂಡಸರು ಕೋಟು ತೊಟ್ಟು, ಹೆಂಗಸರು ಕಾಲು ಮುಚ್ಚುವ ಲಂಗ ತೊಟ್ಟು ಯಂತ್ರದ ಮೇಲೆ ಕೂತಿರುತ್ತಾರೆ. ಮುಖದಲ್ಲಿ ಬ್ಯಾಂಕ್ ಮ್ಯಾನೇಜರನ್ನು ಕಾಯುತ್ತಿರುವ ಗಾಂಭೀರ್ಯ. ಬೆವರು ಬರುವುದು ಮರ್ಯಾದಸ್ಥರ ಲಕ್ಷಣ ಅಲ್ಲ ಅಂತ ಇದ್ದಿರಬೇಕು, ಶ್ರಮವನ್ನೆಲ್ಲ ಯಂತ್ರಕ್ಕೇ ವಹಿಸಿಬಿಟ್ಟ ಹಾಗಿದೆ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲೂ ಒಂದು ಜಿಮ್ ಇತ್ತು. ಅದರಲ್ಲಿ ವಿದ್ಯುತ್ತಿನಿಂದ ಓಡುವ ಕುದುರೆ ಇತ್ತು. ಒಂದು ವಿದ್ಯುತ್ ಒಂಟೆಯೂ ಇತ್ತು. ಅಟ್ಲಾಂಟಿಕ್ ಸಾಗರದ ನಡುವೆ, ಕೋಟು ಬೂಟು ತೊಟ್ಟು, ಅಲ್ಲಾಡುತ್ತಿರುವ ಹಡಗಿನಲ್ಲಿ ಅಲ್ಲಾಡುವ ಒಂಟೆ ಹತ್ತಿ ಕೂರುವುದು! ಯೋಚಿಸಿದಾಗಲೆಲ್ಲ ನನಗೆ ನಗು ಬರುತ್ತದೆ, ಹಡಗಿನ ಗತಿ ನೆನಪಾಗಿ ನಿಲ್ಲುತ್ತದೆ.

ಡಂಬೆಲ್ ಅನ್ನುವ ಹೆಸರನ್ನು ಬಿಡಿಸಿದರೆ 'ಮೂಗ ಗಂಟೆ' ಅಂತಾಗುತ್ತದೆ. ಇಂಗ್ಲೆಂಡಿನಲ್ಲಿ ಚರ್ಚಿನ ದೊಡ್ಡ ಗಂಟೆಯ ಹಗ್ಗ ಎಳೆಯುವುದು ಒಳ್ಳೆ ಕಸರತ್ತು. ಆದರೆ ದಿನಾ ಮನೆಯಲ್ಲಿ ಗಂಟೆ ಬಾರಿಸಿದರೆ ನೆರೆಯವರು ಸುಮ್ನೆ ಇರುತ್ತಾರಾ? ಅದಕ್ಕೆ ಹಗ್ಗ, ತೂಕ ಇದ್ದು ಗಂಟೆ ಇಲ್ಲದ ಒಂದು ಸಾಧನ ಮಾಡಿಕೊಂಡರು. ಸದ್ದಿಲ್ಲದ್ದರಿಂದ ಅದು ಮೂಗ. ಆಮೇಲೆ ಆ ಹೆಸರು ಕೈಯಲ್ಲಿ ಹಿಡಿದು ಎತ್ತುವ ತೂಕಕ್ಕೆ ಅಂಟಿಕೊಂಡಿತು. ಈಗಿನ ಹುಡುಗರು ಅದನ್ನು ಧಡಾರ್ ಅಂತ ನೆಲಕ್ಕೆ ಬಿಡುವುದನ್ನು ಕೇಳಿದರೆ ಯಾರೂ ಅದನ್ನು ಮೂಗ ಅನ್ನಲಾರರು.

ನೋಡಿಸಿಕೊಳ್ಳುವುದನ್ನೇ ಒಂದು ಕಸುಬು ಮಾಡಿದವನು ಯೂಜೆನ್ ಸ್ಯಾಂಡೋ. 19ನೇ ಶತಮಾನದ ಕೊನೆಯಲ್ಲಿ ವೇದಿಕೆ ಮೇಲೆ ಭಾರ ಎತ್ತಿ ತೋರಿಸುತ್ತಿದ್ದ. ಆದರೆ ಜನಕ್ಕೆ ಅವನು ಎತ್ತಿದ ಗುಂಡಿಗಿಂತ ಅವನ ತೋಳೇ ಜಾಸ್ತಿ ಇಷ್ಟವಾಯಿತು. ಇದು ಗೊತ್ತಾದದ್ದೇ ತಡ, ಮೈಗೆ ಬಿಳಿ ಪುಡಿ ಬಳಿದುಕೊಂಡು ಅಮೃತಶಿಲೆಯ ಮೂರ್ತಿಯ ಹಾಗೆ ನಿಲ್ಲತೊಡಗಿದ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೈಕಟ್ಟಿನ ಸ್ಪರ್ಧೆಯನ್ನೇ ನಡೆಸಿದ. ತೀರ್ಪುಗಾರರಲ್ಲಿ ಒಬ್ಬರು ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್. ಸುಳಿವು ಹುಡುಕುವ ಕಣ್ಣಿಗೆ ಅಂದು ಸಿಕ್ಕಿದ್ದು ಬರೀ ತೋಳು, ತೊಡೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಚಿತ್ರವೂ ಇದೆ. ಭಾರತದ ಪೈಲ್ವಾನರು ಮರದ ಗದೆ ತಿರುಗಿಸುವುದನ್ನು ಬ್ರಿಟಿಷ್ ಸೈನಿಕರು ನೋಡಿ ಕಲಿತು ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಅದು ತೆಳ್ಳಗಾಗಿ, ಪಾಲಿಶ್ ಹಾಕಿಸಿಕೊಂಡು 'ಇಂಡಿಯನ್ ಕ್ಲಬ್' ಆಯಿತು. ಎರಡು ಒಲಿಂಪಿಕ್ಸ್‌ನಲ್ಲಿ, 1904 ಮತ್ತು 1932ರಲ್ಲಿ, ಅದಕ್ಕೊಂದು ಸ್ಪರ್ಧೆಯೂ ಇತ್ತು. 1932ರಲ್ಲಿ ಲಾಸ್ ಏಂಜಲೀಸಿನಲ್ಲಿ ಗೆದ್ದವನು ಜಾರ್ಜ್ ರಾತ್. ಅದು ಆರ್ಥಿಕ ಕುಸಿತದ ಕಾಲ, ಅವನಿಗೆ ಕೆಲಸ ಇರಲಿಲ್ಲ. ತುಂಬಿದ ಕ್ರೀಡಾಂಗಣದಲ್ಲಿ ಚಿನ್ನದ ಪದಕ ತೊಗೊಂಡು ಹೊರಗೆ ಬಂದವನು ರಸ್ತೆ ಬದಿ ನಿಂತು, ಹೋಗಿಬರುವ ಗಾಡಿಗಳಿಗೆ ಕೈ ಅಡ್ಡ ಹಿಡಿದು, ಯಾರದೋ ವಾಹನದಲ್ಲಿ ಮನೆಗೆ ಹೋದನಂತೆ. ಗದೆ ತಿರುಗಿಸಿ ಪಳಗಿದ ಅದೇ ಕೈ. ಆ ಗಾಡಿಯವನಿಗೆ ಪಕ್ಕದಲ್ಲಿ ಕೂತವನ ಜೇಬಿನಲ್ಲಿ ಏನಿದೆ ಅಂತ ಗೊತ್ತಿತ್ತೋ ಇಲ್ಲವೋ.

ಟ್ರೆಡ್‌ಮಿಲ್ ಕಥೆ ಎಲ್ಲಕ್ಕಿಂತ ಸ್ವಾರಸ್ಯ. 1818ರಲ್ಲಿ ವಿಲಿಯಂ ಕ್ಯೂಬಿಟ್ ಅನ್ನುವ ಇಂಗ್ಲಿಷ್ ಇಂಜಿನಿಯರ್ ಅದನ್ನು ಮಾಡಿದ್ದು ಜೈಲಿಗೆ. ಮೆಟ್ಟಿಲುಗಳಿರುವ ಒಂದು ಭಾರೀ ಉರುಳೆ. ಕೈದಿಗಳು ಸಾಲಾಗಿ ನಿಂತು ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕು, ಮೇಲೆ ಮಾತ್ರ ಹೋಗುವ ಹಾಗಿಲ್ಲ. ಕೆಲವು ಕಡೆ ಅದರಿಂದ ಹಿಟ್ಟು ಬೀಸುತ್ತಿದ್ದರು, ನೀರೆತ್ತುತ್ತಿದ್ದರು. ಕೆಲವು ಕಡೆ ಏನೂ ಇಲ್ಲ, ಸುಮ್ನೆ ಗಾಳಿ ಬೀಸಿದ ಹಾಗೆ. ಜೈಲು ಸೇರಿದ ಲೇಖಕ ಆಸ್ಕರ್ ವೈಲ್ಡ್‌ಗೂ ಆ ಶಿಕ್ಷೆ ತಪ್ಪಲಿಲ್ಲ. ಇದು ತೀರಾ ಅಮಾನುಷ ಅಂತ ಬ್ರಿಟನ್ 1898ರ ಕಾನೂನಿನಲ್ಲಿ ಅದನ್ನು ಕೈಬಿಟ್ಟಿತು.

70 ವರ್ಷ ಕಳೆಯಿತು. 1968ರಲ್ಲಿ ಅಮೆರಿಕದ ವಾಯುಪಡೆಯ ಡಾಕ್ಟರ್ ಕೆನೆತ್ ಕೂಪರ್ ಏರೋಬಿಕ್ಸ್ ಬಗ್ಗೆ ಒಂದು ಪುಸ್ತಕ ಬರೆದರು. ಓಡಿ, ಹೃದಯಕ್ಕೆ ಒಳ್ಳೇದು ಅಂದರು. ಅದನ್ನು ಓದಿದ ವಿಲಿಯಂ ಸ್ಟಾಬ್ ಅನ್ನುವ ಇಂಜಿನಿಯರಿಗೆ ಮನೆಯೊಳಗೇ ಓಡುವ ಯಂತ್ರ ಇದ್ದರೆ ಹೇಗೆ ಅನ್ನಿಸಿತು. ಅಲ್ಲಿಗೆ ಟ್ರೆಡ್‌ಮಿಲ್ ಜೈಲಿನಿಂದ ಬಿಡುಗಡೆಯಾಗಿ ಸಂಸಾರಸ್ಥರ ಮನೆ ಹೊಕ್ಕಿತು. ಆದರೆ ಕೈದಿಗಳಿಗಿದ್ದ ಒಂದು ಅನುಕೂಲ ನಮಗಿಲ್ಲ ನೋಡಿ. ಅವರು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಮ್ಮನ್ನು ಕಾಯುವ ಪೊಲೀಸಪ್ಪ ಯಾರೂ ಇಲ್ಲ. ವರ್ಷದ ಫೀಸು ಮೊದಲೇ ಕಟ್ಟಿರುವುದೇ ಬೇಡಿ, ಅದನ್ನೂ ನಾವು ಎರಡನೇ ವಾರಕ್ಕೇ ಕಳಚಿಕೊಳ್ಳುತ್ತೇವೆ.

ನಾನು ಹುಡುಗನಾಗಿದ್ದಾಗ ಕಂಡ ಜಿಮ್ ಒಂದೇ ಕೋಣೆಯದು. ಬಾಗಿಲು ತೆರೆದರೆ ಕಬ್ಬಿಣ, ತುಕ್ಕು, ಬೆವರು ಕಲಸಿದ ವಾಸನೆ. ಗೋಡೆ ತುಂಬ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಮೈಗಟ್ಟಿಗರು. ಬನಿಯನ್, ಹಳೆ ಪ್ಯಾಂಟು ಇದ್ದರೆ ಸಾಕು, ಸಮವಸ್ತ್ರವೇ ಅದು. ಹೆಂಗಸರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಮಾತು ಮಾತ್ರ ಜೋರು. ಒಬ್ಬ ಭಾರ ಎತ್ತುವಾಗ ಮೂವರು ಸುತ್ತ ನಿಂತು ಹುರಿದುಂಬಿಸುತ್ತಿದ್ದರು, ಅವನು ಇಳಿಸಿದ ಮೇಲೆ ಅರ್ಧ ಗಂಟೆ ಅದರ ಬಗ್ಗೆ ಚರ್ಚೆ. ವ್ಯಾಯಾಮ ಆಗುತ್ತಿದ್ದುದು ಹೆಚ್ಚಾಗಿ ದವಡೆಗೆ.

ಆ ಕೋಣೆಯ ಬಾಗಿಲನ್ನು ಹೆಂಗಸರಿಗೆ ತೆರೆದದ್ದರಲ್ಲಿ ಟಿವಿಯ ಪಾಲು ದೊಡ್ಡದು. ಅಮೆರಿಕದಲ್ಲಿ ಜ್ಯಾಕ್ ಲಲೇನ್ 1936ರಲ್ಲೇ ಜಿಮ್ ತೆರೆದಿದ್ದ. ಭಾರ ಎತ್ತಿದರೆ ಹೃದಯಾಘಾತವಾಗುತ್ತದೆ ಅಂತ ಡಾಕ್ಟರುಗಳು ಹೆದರಿಸುತ್ತಿದ್ದ ಕಾಲ ಅದು. 1951ರಿಂದ ಅವನು ಟಿವಿಯಲ್ಲಿ ಬಂದು, ಮನೆಯಲ್ಲಿರುವ ಕುರ್ಚಿಯನ್ನೇ ಹಿಡಿದು ಏನೇನು ಮಾಡಬಹುದು ಅಂತ ಗೃಹಿಣಿಯರಿಗೆ ತೋರಿಸಿದ. 1982ರಲ್ಲಿ ನಟಿ ಜೇನ್ ಫೋಂಡಾಳ ವ್ಯಾಯಾಮದ ವಿಡಿಯೋ ಬಂದದ್ದೇ ಬಂದದ್ದು, ದೃಶ್ಯವೇ ಬದಲಾಯಿತು. ಮೈಗಂಟಿದ ಹೊಳೆಯುವ ಬಟ್ಟೆ, ಹಣೆಗೆ ಪಟ್ಟಿ, ಕಾಲಿಗೆ ಲೆಗ್ ವಾರ್ಮರ್. ಈ ಲೆಗ್ ವಾರ್ಮರ್ ಮೂಲದಲ್ಲಿ ನೃತ್ಯಗಾರರದು. ಅಭ್ಯಾಸದ ನಡುವೆ ಮೀನಖಂಡ ತಣ್ಣಗಾಗಿ ಹಿಡಿದುಕೊಳ್ಳದಿರಲಿ ಅಂತ ಹಾಕುತ್ತಿದ್ದರು. ಏರೋಬಿಕ್ಸ್ ಮಾಡಿ ಬೆವರು ಸುರಿಸುವವರಿಗೆ ಕಾಲಿಗೆ ಸ್ವೆಟರ್ ಯಾಕೆ ಬೇಕಿತ್ತು? ಯಾರೂ ಕೇಳಲಿಲ್ಲ. ಫ್ಯಾಶನ್ನಿಗೆ ಪ್ರಶ್ನೆ ಕೇಳಬಾರದು ಅಲ್ವಾ.

ಆ ಹೊಳೆಯುವ ಬಟ್ಟೆಯ ಹಿಂದೆ ಇನ್ನೊಂದು ಕಥೆ. 1958ರಲ್ಲಿ ಜೋಸೆಫ್ ಶಿವರ್ಸ್ ಅನ್ನುವ ರಸಾಯನ ವಿಜ್ಞಾನಿ ಹಿಗ್ಗುವ ಒಂದು ದಾರ ಕಂಡುಹಿಡಿದ. ಎಕ್ಸ್‌ಪ್ಯಾಂಡ್ಸ್ ಅನ್ನುವ ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿ ಅದಕ್ಕೆ ಸ್ಪ್ಯಾಂಡೆಕ್ಸ್ ಅಂತ ಹೆಸರಿಟ್ಟರು. ಮೊದಲ ಉದ್ದೇಶ ಹೆಂಗಸರು ಸೊಂಟ ಬಿಗಿಯಲು ಹಾಕುತ್ತಿದ್ದ ಒಳಪಟ್ಟಿಯಲ್ಲಿ ರಬ್ಬರಿನ ಬದಲು ಬಳಸುವುದು. ಅಂದರೆ ಹೊಟ್ಟೆಯನ್ನು ಅಡಗಿಸಲು ಹುಟ್ಟಿದ ದಾರ, ಕೊನೆಗೆ ಹೊಟ್ಟೆ ಎಷ್ಟಿದೆಯೋ ಅಷ್ಟನ್ನೂ ಜಗತ್ತಿಗೆ ತೋರಿಸಲು ನಿಂತಿತು. ನನ್ನ ಟೀ ಶರ್ಟು ಅದಕ್ಕೆ ಸಾಕ್ಷಿ.

ನನಗೆ ತುಂಬ ಇಷ್ಟವಾದ ಆವಿಷ್ಕಾರ ಮಾತ್ರ 1977ರದು. ಓಡುವ ಹೆಂಗಸರಿಗೆ ಸರಿಯಾದ ಒಳಉಡುಪೇ ಇರಲಿಲ್ಲ. ಅದಕ್ಕೆ ಮೊದಲು ಓಡುವ ಅವಕಾಶವೇ ಎಲ್ಲಿತ್ತು ಹೇಳಿ, ಬಾಸ್ಟನ್ ಮ್ಯಾರಥಾನ್ ಹೆಂಗಸರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದೇ 1972ರಲ್ಲಿ. ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಅನ್ನುವ ಮೂವರು ಸೇರಿ ತಲೆ ಕೆಡಿಸಿಕೊಂಡರು. ಕೊನೆಗೆ ಗಂಡಸರು ಆಡುವಾಗ ಹಾಕುವ ಎರಡು ಲಂಗೋಟಿಯಂಥ ಪಟ್ಟಿಗಳನ್ನು ಜೋಡಿಸಿ ಹೊಲಿದರು. ಹುಟ್ಟಿತು ಸ್ಪೋರ್ಟ್ಸ್ ಬ್ರಾ. ಈ ಇಡೀ ಕಥೆಯಲ್ಲಿ ನೋಡುವವರಿಗೋಸ್ಕರ ಅಲ್ಲದೆ, ಓಡುವವರಿಗೋಸ್ಕರವೇ ಹುಟ್ಟಿದ ಬಟ್ಟೆ ಬಹುಶಃ ಇದೊಂದೇ.

ಆಮೇಲಿನದು ಬೇಗ ಬೇಗ ಬದಲಾಯಿತು. ಮಣೆ ಹತ್ತಿ ಇಳಿಯುವ ಸ್ಟೆಪ್ ಬಂತು, ಹೋಯಿತು. ಎಲ್ಲಿಗೂ ಹೋಗದ ಸೈಕಲ್ಲನ್ನು ಕತ್ತಲೆ ಕೋಣೆಯಲ್ಲಿ ಗುಂಪಾಗಿ ತುಳಿಯುವುದು ಬಂತು. ಹಾಡಿಗೆ ಕುಣಿಯುತ್ತಾ ಮಾಡುವ ಜುಂಬಾ ಬಂತು. 2000ದಿಂದ ಈಚೆಗೆ ಕ್ರಾಸ್‌ಫಿಟ್ ಬಂತು, ನಯವಾದ ಯಂತ್ರಗಳು ಬೇಡ, ಟೈರು ಮಗುಚಿ, ಹಗ್ಗ ಬಡಿಯಿರಿ ಅಂದಿತು. ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಲಾರಿ ಟೈರಿಗೂ ಹೀಗೆ ಒಂದು ಕಾಲ ಬಂತು. ಎರಡು ಕೈಯಲ್ಲೂ ಭಾರ ಹಿಡಿದು ಆ ಗೋಡೆಯಿಂದ ಈ ಗೋಡೆಗೆ ನಡೆಯುವ ಒಂದು ವ್ಯಾಯಾಮ ಇದೆ. ಅದರ ಹೆಸರು 'ಫಾರ್ಮರ್ಸ್ ವಾಕ್', ರೈತನ ನಡಿಗೆ. ಅದನ್ನು ಶ್ರದ್ಧೆಯಿಂದ ಮಾಡುವ ನನ್ನ ಸ್ನೇಹಿತರೊಬ್ಬರು ರೈಲು ಇಳಿದ ಕೂಡಲೇ ಕೂಲಿಯವರನ್ನು ಕರೆಯುತ್ತಾರೆ. ಕೇಳಿದರೆ, "ಇವತ್ತು ನನ್ನ ರೆಸ್ಟ್ ಡೇ ಮಾರಾಯ" ಅಂದರು.

ಬಟ್ಟೆಯೋ, ಜಿಮ್ ದಾಟಿ ಹೊರಗೆ ಬಂದುಬಿಟ್ಟಿದೆ. ಮೊದಲು ಜಿಮ್ಮಿಗೆ ಹೋಗುವವರು ಬಟ್ಟೆ ಬದಲಿಸಿಕೊಳ್ಳುತ್ತಿದ್ದರು. ಈಗ ವಿಮಾನ, ಆಫೀಸು, ಮದುವೆ ಮನೆಯ ಹಿಂದಿನ ಸಾಲು, ಎಲ್ಲ ಕಡೆ ಆಗಲೋ ಈಗಲೋ ಓಟ ಶುರು ಮಾಡುವವರ ಹಾಗೆ ಕಾಣುವವರು ಇದ್ದಾರೆ. ಯಾರೂ ಓಡುವುದಿಲ್ಲ. ಹೀಗೆ ಹೇಳುವ ಹಕ್ಕು ನನಗಿಲ್ಲ, ಆ ಕಿತ್ತಳೆ ಗೀಟಿನ ಶೂ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನೋಡುವವರ ಸಾಲಿಗೆ ಕೊನೆಯದಾಗಿ ಸೇರಿದ್ದು ಕೈಗಡಿಯಾರ. ದಿನಕ್ಕೆ 10,000 ಹೆಜ್ಜೆ ಅಂತ ಅದು ಪೀಡಿಸುತ್ತದೆ ಅಲ್ವಾ, ಆ ಲೆಕ್ಕ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಸಣ್ಣ ಯಂತ್ರಕ್ಕೆ 'ಮಾಂಪೊಕೆಯ್' ಅಂತ ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಅಂತ ಅರ್ಥ. ಸರಕಿನ ಹೆಸರೇ ಲೋಕದ ನಿಯಮವಾಯಿತು. 9,800ಕ್ಕೆ ನಿಂತ ರಾತ್ರಿ ಹಾಸಿಗೆ ಸುತ್ತ ಪ್ರದಕ್ಷಿಣೆ ಹಾಕುವ ಗೃಹಸ್ಥರು ನನಗೆ ಗೊತ್ತು. ಹೆಸರು ಹೇಳಿದರೆ ಮನೆಯಲ್ಲಿ ಜಗಳ.

ಮೂರು ವಾರದ ಬಾಕಿ ತೀರಿಸಿ ಕೊನೆಗೂ ಒಂದು ಬೆಳಗ್ಗೆ ಜಿಮ್ಮಿಗೆ ಹೋದೆ. ಮೂವತ್ತು ಜನ ಇದ್ದರು, ಒಂದು ಮಾತಿಲ್ಲ. ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ನನ್ನ ಹೊಸ ಬಟ್ಟೆಯನ್ನು ಒಬ್ಬರೂ ತಿರುಗಿ ನೋಡಲಿಲ್ಲ. ಸ್ವಲ್ಪ ಬೇಜಾರೇ ಆಯಿತು. ಅತಿ ಹಗುರವಾದ ಡಂಬೆಲ್ ಹುಡುಕಿ ಇನ್ನೇನು ಎತ್ತಬೇಕು, ಪಕ್ಕದ ಹುಡುಗ ಒಂದು ಕಿವಿಯ ಇಯರ್‌ಫೋನ್ ತೆಗೆದು ನನ್ನ ಕಡೆ ನಕ್ಕ.

"ಅಂಕಲ್, ಒಂದು ವಿಡಿಯೋ ಮಾಡಿಕೊಡ್ತೀರಾ?"

ಫೋನು ಕೈಗೆ ಕೊಟ್ಟ. ಮೊದಲ ಸಲ ಬೆಳಕು ಸರಿ ಬರಲಿಲ್ಲ. ಎರಡನೇ ಸಲ ಹಿಂದೆ ಯಾರೋ ಹಾದುಹೋದರು. ಮೂರನೇ ಸಲ, "ಅಂಕಲ್, ಇನ್ನೂ ಸ್ವಲ್ಪ ಮೇಲೆ ಹಿಡೀರಿ, ಅಲ್ಲಾಡಿಸಬೇಡಿ" ಅಂದ. ಹತ್ತು ನಿಮಿಷ ಎರಡೂ ಕೈ ಎತ್ತಿ ಹಿಡಿದೇ ನಿಂತೆ. ಮಾರನೆಯ ದಿನ ಭುಜ ಎರಡೂ ಹಿಡಿದುಕೊಂಡು, ತಲೆ ಬಾಚಿಕೊಳ್ಳುವುದಕ್ಕೂ ಕೈ ಏಳಲಿಲ್ಲ.